ಆನೆ ಜೊತೆ ತೂಕ

ಅಳಿಲಣ್ಣ, ಈಗ ತಾನೇ ನನಗಾಗಿದ್ದು ಹೇಳಿದ್ರೆ ನೀನು ನಂಬಲ್ಲ. ಕಾಡಿನೋರು ಎಷ್ಟು ಬೆಳೆದಿದೀವಿ ಅಂತ ನೋಡೋಕೆ ಕೊಕ್ಕರೆ ಸಾಹೇಬ್ರು ಆನೆನೂ ಇಲಿಮರಿ ನನ್ನನ್ನೂ ಒಂದೇ ತಕ್ಕಡಿಗೆ ಹತ್ತಿಸಿದ್ರು. ಮುಳ್ಳು ಸರ್ರಂತ ಮೇಲೇರ್ತು.

"ಭೇಷ್, ಹೋದ್ವರ್ಷಕ್ಕಿಂತ ತೂಕ ಜಾಸ್ತಿ. ಇನ್ಮೇಲೆ ಇಲಿಗಳಿಗೆ ಉಗ್ರಾಣದ ಕಾಳು ಬೇಡ" ಅಂದ್ರು.

"ಸ್ವಾಮಿ, ನನ್ ತಂಗಿಗೆ ಹಸಿವಿಂದ ಎದ್ದು ಕೂರೋಕೂ ಆಗ್ತಿಲ್ಲ. ನನ್ನೊಬ್ಬನ್ನೇ ತೂಗಿ ನೋಡಿ."

"ಒಬ್ಬೊಬ್ಬರನ್ನ ತೂಗ್ತಾ ಕೂತ್ರೆ ಕಾಡು ನಡೆಯುತ್ತೇನೋ?"

ನಾನು ಕೆಳಗೆ ಹಾರಿದೆ. ಮುಳ್ಳು ಅಲ್ಲಾಡ್ಲೇ ಇಲ್ಲ.

ಸಾಹೇಬ್ರು ಕೊಕ್ಕು ಬಗ್ಗಿಸಿ ಕಿವೀಲಿ ಅಂದ್ರು, "ಹೊಟ್ಟೆ ತುಂಬಿದೆ ಅಂತ ಎಲ್ಲರ ಮುಂದೆ ಕೂಗು. ನಿನ್ ತಂಗಿಗೆ ಮಾತ್ರ ಕಾಳು ಕೊಡ್ತೀನಿ."

ಇಲಿಗಳೆಲ್ಲ ಇನ್ನೂ ಅಲ್ಲೇ ನನ್ ಬಾಯನ್ನೇ ನೋಡ್ತಾ ನಿಂತಿವೆ. ನೀನಾಗಿದ್ರೆ ಏನ್ ಕೂಗ್ತಿದ್ದೆ, ಹೇಳಣ್ಣ?