ಜಕ್ಕವ್ವೆ ಹೇಳದ ಹೆಸರು

“ಗುರುಗಳೇ, ಉಳಿದವರೆಲ್ಲ ತರ್ಕ ಕಲಿಯುತ್ತಿದ್ದಾರೆ. ನನಗೆ ಮಾತ್ರ ಗ್ರಂಥ ಭಂಡಾರ ಒಪ್ಪಿಸಿದ್ದೀರಿ. ಕೇಳಿದವರಿಗೆ ಓಲೆಕಟ್ಟು ಎತ್ತಿಕೊಡುವುದರಲ್ಲಿ ಏನು ಹೆಚ್ಚುಗಾರಿಕೆ?” ಎಂದು ಶಿಷ್ಯ ಮಲ್ಲಿದೇವ ಕೇಳಿದ.

ಗುರುಗಳು ಹೇಳಿದರು:

ಒಂದು ಪಟ್ಟಣದಲ್ಲಿ ಗ್ರಂಥ ಭಂಡಾರವಿತ್ತು. ಜಕ್ಕವ್ವೆ ಎಂಬ ವಿಧವೆ ಅದನ್ನು ನೋಡಿಕೊಳ್ಳುತ್ತಿದ್ದಳು. ಯಾರೇ ಬರಲಿ, ಕುಲ ಕೇಳದೆ, ಕಾರಣ ಕೇಳದೆ ಬೇಕಾದ ಗ್ರಂಥ ಕೊಡುತ್ತಿದ್ದಳು. ಓದಲು ಬಾರದವರಿಗೆ ತಾನೇ ಓದಿ ಹೇಳುತ್ತಿದ್ದಳು.

ಕುಷ್ಠ ಹಿಡಿದವರನ್ನು ಊರಾಚೆ ಅಟ್ಟುವ ಕಟ್ಟಳೆ ಆ ಪಟ್ಟಣದಲ್ಲಿತ್ತು. ಮೈಮೇಲೆ ಕಲೆ ಕಂಡವರು ವೈದ್ಯನ ಬಳಿ ಹೋಗಲೂ ಹೆದರುತ್ತಿದ್ದರು. ಒಂದು ದಿನ ಪಟ್ಟಣದ ಯಜಮಾನ ಭಂಡಾರಕ್ಕೆ ಬಂದ. ಚರ್ಮರೋಗದ ಗ್ರಂಥವಿದ್ದ ಜಾಗ ಬರಿದಾಗಿತ್ತು.

“ಯಾರು ಒಯ್ದರು?”

“ಬೇಕಾದವರು ಒಯ್ದರು.”

“ಒಯ್ದವನಿಗೆ ಕುಷ್ಠ ಇರಲೇಬೇಕು. ಹೆಸರು ಹೇಳು. ಇಲ್ಲವಾದರೆ ಕೀಲಿಕೈ ಕೆಳಗಿಡು.”

ಜಕ್ಕವ್ವೆಗೆ ಬೇರೆ ಜೀವನಾಧಾರವಿರಲಿಲ್ಲ. ಆದರೂ ಸೊಂಟದಿಂದ ಕೀಲಿಕೈ ಬಿಚ್ಚಿ ಅವನ ಮುಂದಿಟ್ಟಳು. “ಕೀಲಿಕೈ ಊರಿನದು, ತೆಗೆದುಕೊಳ್ಳಿ. ಹೆಸರು ಊರಿನದೂ ಅಲ್ಲ, ನನ್ನದೂ ಅಲ್ಲ” ಎಂದಳು. ತಲೆ ಎತ್ತಿಕೊಂಡೇ ಮೆಟ್ಟಿಲಿಳಿದಳು.

ಅಂದಿನಿಂದ ನೂಲು ತೆಗೆದು ಹೊಟ್ಟೆ ಹೊರೆದಳು. ನೆರೆಯವರು ಕೆದಕಿ ಕೇಳಿದರು. ಅವಳು ಬಾಯಿ ಬಿಡಲಿಲ್ಲ. ಗ್ರಂಥ ಒಯ್ದವನು ಅದನ್ನು ಓದಿ, ತನಗೆ ಬಂದದ್ದು ಕುಷ್ಠವೇ ಅಲ್ಲವೆಂದು ತಿಳಿದುಕೊಂಡ. ಅದರಲ್ಲಿ ಹೇಳಿದ ಮದ್ದು ಹಚ್ಚಿ ಗುಣವಾದ.

ಯಜಮಾನ ಭಂಡಾರದಲ್ಲಿ ತನ್ನ ಕಡೆಯವನೊಬ್ಬನನ್ನು ಕೂರಿಸಿದ. ಅವನು ಬಂದವರ ಹೆಸರು ಬರೆದಿಡುತ್ತಿದ್ದ. ಮೊದಲು ರೋಗಿಗಳು ಬರುವುದನ್ನು ಬಿಟ್ಟರು, ಆಮೇಲೆ ವ್ಯಾಜ್ಯವಿದ್ದವರು. ವರ್ಷ ಕಳೆಯುವಷ್ಟರಲ್ಲಿ ಅತ್ತ ಸುಳಿಯುವವರೇ ಇರಲಿಲ್ಲ. ಗ್ರಂಥಗಳನ್ನು ಗೆದ್ದಲು ಓದತೊಡಗಿತು.

ಊರ ಹಿರಿಯರು ಯಜಮಾನನನ್ನು ಕರೆದುಕೊಂಡು ಅವಳ ಮನೆಗೆ ಹೋದರು. ಅವನೇ ಕೀಲಿಕೈ ನೀಡಿದ. “ಯಾರು ಏನು ಓದಿದರೆಂದು ಇನ್ನು ಕೇಳುವುದಿಲ್ಲ, ತಾಯಿ” ಎಂದ. ಜಕ್ಕವ್ವೆ ನೂಲು ಬದಿಗಿಟ್ಟು ಎದ್ದಳು. ಬಾಳಿನ ಕೊನೆಯವರೆಗೂ ಭಂಡಾರವನ್ನು ಕಾದಳು. ಆ ಹೆಸರನ್ನು ಮಾತ್ರ ಯಾರಿಗೂ ಹೇಳದೆಯೇ ಹೋದಳು.

ಗುರುಗಳು ಮಾತು ನಿಲ್ಲಿಸಿದರು.

“ಹಾಗಾದರೆ ಅವನು ಯಾರೆಂದು ಇಂದಿಗೂ ಯಾರಿಗೂ ಗೊತ್ತಿಲ್ಲವೇ?” ಎಂದು ಮಲ್ಲಿದೇವ ಕೇಳಿದ.

“ಅದನ್ನು ಹೇಳುವ ಹಕ್ಕು ಒಬ್ಬನಿಗೇ ಇತ್ತು ಮಗು, ಇವತ್ತು ಹೇಳುತ್ತಿದ್ದೇನೆ, ಅವನು ನಾನು.”

ಮಲ್ಲಿದೇವ ಗುರುಗಳಿಗೆ ನಮಸ್ಕರಿಸಿ, ಭಂಡಾರದ ಬಾಗಿಲು ತೆರೆಯಲು ಹೊರಟ.