ಕೊಂಡಿಯ ಬೆಳಕು

ಒಂದು ಜೀವಕೋಶದೊಳಗೆ ಕೆಟ್ಟ ಪ್ರೋಟೀನೊಂದು ಬೀಡುಬಿಟ್ಟು ರೋಗ ಹಬ್ಬಿಸುತ್ತಿತ್ತು. ಅದನ್ನು ತೊಲಗಿಸಲು ವಿಜ್ಞಾನಿ ವಾರಿಜಾ ಎರಡು ಕೊಕ್ಕೆಗಳನ್ನು ಒಂದು ಕೊಂಡಿಯಿಂದ ಜೋಡಿಸಿ ಕಳಿಸಿದರು. ಮೊದಲನೆಯ ಕೊಕ್ಕೆ ಪ್ರೋಟೀನನ್ನು ಹಿಡಿಯಬೇಕು, ಎರಡನೆಯದು ಕೋಶದ ಪೌರಕಾರ್ಮಿಕರನ್ನು ಅದರ ಬಳಿಗೆ ಎಳೆತರಬೇಕು. ಎಲ್ಲಿಗೆ ತಲುಪಿವೆ ಎಂದು ಸೂಕ್ಷ್ಮದರ್ಶಕದಲ್ಲಿ ಕಾಣಲೆಂದು ನಡುವಿನ ಕೊಂಡಿಗೆ ಮಾತ್ರ ಮೈಯೆಲ್ಲ ಬೆಳಕು.

"ಕೆಲಸ ನಮ್ಮದು, ಮೆರುಗು ನಿನ್ನದು," ಎಂದು ಕೊಕ್ಕೆಗಳು ಹಂಗಿಸಿದವು.

ಕೋಶದ ಹೊಸ್ತಿಲಿಗೆ ಬಂದ ಮೂವರಿಗೂ ಎಷ್ಟು ನುಸುಳಲು ನೋಡಿದರೂ ಒಳಗೆ ಹೋಗಲಾಗಲಿಲ್ಲ. ಅಷ್ಟರಲ್ಲಿ ಮೇಲೆ ಸೂಕ್ಷ್ಮದರ್ಶಕದ ಕಣ್ಣು ತೆರೆಯಿತು.

"ಬೇಗ ದೀಪ ಆರಿಸು," ಎಂದಿತು ಮೊದಲ ಕೊಕ್ಕೆ. "ನಾವು ಹೊರಗೇ ನಿಂತಿದ್ದೇವೆಂದು ಗೊತ್ತಾದರೆ ಮೇಡಂ ನಮ್ಮನ್ನು ಚೆಲ್ಲಿಬಿಡುತ್ತಾರೆ."

"ಆರಿಸಿದರೂ ಚೆಲ್ಲುತ್ತಾರೆ," ಎಂದಿತು ಕೊಂಡಿ. "ಆಗ ಯಾಕೆ ಸೋತೆವೆಂಬುದು ಅವರಿಗೂ ತಿಳಿಯುವುದಿಲ್ಲ." ಹಾಗೆಂದು ಇನ್ನಷ್ಟು ಬೆಳಗಿತು.

ಬೆಳಕು ಹೊಸ್ತಿಲಲ್ಲೇ ನಿಂತಿದ್ದನ್ನು ವಾರಿಜಾ ನೋಡಿದರು, ನಕ್ಕರು. "ಕೊಕ್ಕೆಗಳು ಸರಿಯಾಗಿವೆ. ಈ ಕೊಂಡಿಯೇ ಉದ್ದವಾಯಿತು, ಒಳಗೆ ತೂರುತ್ತಿಲ್ಲ." ಕೊಂಡಿಯನ್ನು ಗಿಡ್ಡ ಮಾಡಿ ಮತ್ತೆ ಕಳಿಸಿದರು. ಮೂವರೂ ಸಲೀಸಾಗಿ ಒಳಹೊಕ್ಕರು. ಪ್ರೋಟೀನು ಸಿಕ್ಕಿಬಿತ್ತು, ಪೌರಕಾರ್ಮಿಕರು ಅದನ್ನು ಚೂರುಚೂರು ಮಾಡಿ ಗುಡಿಸಿ ಹಾಕಿದರು.

ಎರಡನೆಯ ಕೊಕ್ಕೆಗೆ ನಗು ತಡೆಯಲಾಗಲಿಲ್ಲ. "ಅಲ್ಲವೋ, ನಿನ್ನ ತಪ್ಪನ್ನು ನೀನೇ ತೋರಿಸಿಕೊಟ್ಟೆಯಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂತಾರೆ. ತಪ್ಪು ಅಡಗಿಸಿಕೊಳ್ಳಲು ನಿನಗೆ ಅಷ್ಟೂ ಕತ್ತಲೆ ಇರಲಿಲ್ಲವೆ?"

"ಏನು ಮಾಡಲಿ," ಎಂದಿತು ಕೊಂಡಿ. "ಮೈಯೆಲ್ಲ ದೀಪವಾದವನಿಗೆ ಬುಡ ಎಲ್ಲಿಂದ ಬರಬೇಕು?"