ಕನ್ನಡಿ ತುಂಬ ಮೊಣಕೈ

ಕೃಷ್ಣೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಸೂಗಯ್ಯ ತಾತ ಅಂತ ಒಬ್ಬ ಗುರು. ಅವರಿಗೊಬ್ಬ ಶಿಷ್ಯ, ಮೌನೇಶ. ಮೌನ ಅನ್ನುವುದು ಅವನ ಹೆಸರಿನಲ್ಲಿ ಮಾತ್ರ. ಬಾಯಿ ತೆರೆದರೆ ಮುಚ್ಚುವುದು ನಿದ್ದೆ ಬಂದಾಗಲೇ.

ಅಮಾವಾಸ್ಯೆಗೊಮ್ಮೆ ತಾತ ಸುತ್ತಲಿನ ಹಳ್ಳಿಗಳಿಗೆ ಹೋಗುವುದು ರೂಢಿ. ಕಾಲಲ್ಲಿ ಕಸುವಿದ್ದಾಗ ನಡೆದೇ ಹೋಗುತ್ತಿದ್ದರು. ಈಗ ಮೌನೇಶನ ಬೈಕಿನ ಹಿಂದೆ ಕೂತು ಹೋಗುತ್ತಾರೆ.

ಆಶ್ರಮದಲ್ಲಿ ಕಸ ಗುಡಿಸುವುದಕ್ಕೆ, ಒಲೆ ಹೊತ್ತಿಸುವುದಕ್ಕೆ, ದನ ಕಾಯುವುದಕ್ಕೆ ಬೇಕಾದಷ್ಟು ಜನ ಇದ್ದರು. ತಾತನನ್ನು ಕೂಡಿಸಿಕೊಂಡು ತಿರುಗುವ ಭಾಗ್ಯ ಮಾತ್ರ ಮೌನೇಶನೊಬ್ಬನದು. ಅದರ ಮುಂದೆ ಅವನಿಗೆ ಸ್ವರ್ಗವೂ ಸಪ್ಪೆ.

ಆ ಭಾಗ್ಯಕ್ಕೇ ಈಗ ಕುತ್ತು ಬಂದಿತ್ತು.

ಹೋದ ಅಮಾವಾಸ್ಯೆಯಂದು ಹಿಂದಿನಿಂದ ಬಂದ ಲಾರಿಯೊಂದು ಕಿವಿ ಹರಿದುಹೋಗುವಂತೆ ಹಾರ್ನ್ ಹೊಡೆಯಿತು. ಮೌನೇಶ ಬೆಚ್ಚಿಬಿದ್ದು ಹ್ಯಾಂಡಲ್ಲನ್ನು ಎಡಕ್ಕೆ ಎಳೆದ. ಚಕ್ರ ದಾರಿ ಬದಿಯ ಉಸುಕಿಗೆ ಇಳಿದು ಗಾಡಿ ವಾಲಿತು. ಅವನೇನೋ ಕಾಲು ಕೊಟ್ಟು ನಿಂತುಕೊಂಡ. ತಾತ ಹಿಂದಿನಿಂದ ಜಾರಿ ಕೆಳಗೆ ಬಿದ್ದರು. ಮಂಡಿ ತರಚಿತು, ಅಂಗೈ ಚರ್ಮ ಕಿತ್ತು ರಕ್ತ ಬಂತು.

ತಾತ ಧೂಳು ಕೊಡವಿಕೊಂಡು ಎದ್ದರು. "ನಡಿ, ಜನ ಕಾಯ್ತಿರ್ತಾರ" ಅಂದರು, ಅಷ್ಟೇ.

ಆದರೆ ಹಿರಿಯ ಶಿಷ್ಯ ಅಮರಯ್ಯ ಬಿಡಬೇಕಲ್ಲ!

"ಬರೋ ಅಮಾಸಿಗಿ ತಾತ ಜೀಪಿನ್ಯಾಗ ಹೋಗ್ತಾರ. ನಿನ್ನ ಗಾಡಿ ಸಹವಾಸ ಸಾಕಪ್ಪಾ ಸಾಕು" ಅಂದ.

ಮೌನೇಶನಿಗೆ ಊಟ ಸೇರಲಿಲ್ಲ. ಯೋಚನೆ ಮಾಡಿ ಮಾಡಿ ಕೊನೆಗೆ ತಪ್ಪು ಎಲ್ಲಿದೆ ಅಂತ ಕಂಡುಹಿಡಿದ. ಕನ್ನಡಿಯಲ್ಲಿ! ಕಂಪನಿಯವರು ಕೊಟ್ಟ ಆ ಎರಡು ಕನ್ನಡಿಗಳಲ್ಲಿ. ಅವತ್ತು ಅವುಗಳಲ್ಲಿ ಲಾರಿ ಕಂಡಿದ್ದರೆ ಅವನು ಯಾಕೆ ಬೆಚ್ಚುತ್ತಿದ್ದ? ಕಂಡದ್ದು ಬರೀ ಅವನ ಮೊಣಕೈ.

ಅಮಾವಾಸ್ಯೆ ಬಂತು. ಬೆಳಗಿನ ಬಿಸಿಲಲ್ಲಿ ಅಮರಯ್ಯ ಜೀಪು ತೊಳೆಯುತ್ತಿದ್ದ. ಮೌನೇಶ ಒಂದು ಕೈಯಲ್ಲಿ ಹೊಸ ಕನ್ನಡಿಗಳನ್ನೂ ಇನ್ನೊಂದು ಕೈಯಲ್ಲಿ ನಟ್ಟು ಬಿಚ್ಚುವ ಪಾನಾವನ್ನೂ ಹಿಡಿದು ತಾತನ ಮುಂದೆ ನಿಂತ. ಪಟ್ಟಣದಲ್ಲಿ ಬೈಕಿನ ಸಾಮಾನು ಮಾರುವ ಭಕ್ತರೊಬ್ಬರು ಪ್ರೀತಿಯಿಂದ ಕೊಟ್ಟ ಕನ್ನಡಿಗಳು. ದುಂಡಗೆ, ಉದ್ದ ಕತ್ತಿನವು, ಫಳಫಳ ಹೊಳೆಯುವಂಥವು.

"ತಾತ, ಹಳೇವು ತಗದು ಇವು ಹಾಕ್ತೀನ್ರಿ. ಇನ್ನ ಮ್ಯಾಲ ನಿಮಗ ಒಂದು ಗೀರೂ ಬೀಳಂಗಿಲ್ಲ."

ತಾತ ಒಂದು ಕನ್ನಡಿ ಇಸಿದುಕೊಂಡು ತಮ್ಮ ಗಡ್ಡ ನೋಡಿಕೊಂಡರು.

"ಚಂದ ಐತಿ. ಹಳೇದಕ್ಕೇನಾತು?"

"ಅದರಾಗ ಹಿಂದಿಂದು ಏನೂ ಕಾಣಂಗಿಲ್ರಿ."

"ಮತ್ತೇನು ಕಾಣತೈತಿ?"

"ಮೊಣಕೈ."

"ಯಾರದು?"

ಮೌನೇಶ ತಲೆ ಕೆರೆದುಕೊಂಡ. "ನಂದೇ ರೀ."

"ಅದನ್ನ ಅಲ್ಲಿ ತಂದು ಇಟ್ಟೋರು ಯಾರು?"

"ಅಯ್ಯ, ಕೈ ಇದ್ದಲ್ಲೇ ಮೊಣಕೈ ಇರ್ತೈತಲ್ರಿ ತಾತ! ಕನ್ನಡಿ ಕತ್ತು ಗಿಡ್ಡ ಐತಿ, ಅದಕ್ಕ. ಹಾಕಲೇನ್ರಿ?"

"ಗಾಡಿ ಹೊಡಿಯೋನು ನೀನು. ಹಾಕಬೇಕೋ ಬ್ಯಾಡೋ ನೀನಾ ಹೇಳಬೇಕು" ಅಂದರು ತಾತ. "ಹಳೇ ಕನ್ನಡಿ ಇಟಗೊಂಡಾ ಒಂದು ಸಲ ಸೇತುವೆ ತನಕ ಹೋಗಿ ಬಾ. ಆಮ್ಯಾಲ ಹೇಳು."

ಮೌನೇಶ ಗಾಡಿ ಹತ್ತಿ ಬುರ್ರನೆ ಹೋದ. ಸೇತುವೆ ಮುಟ್ಟಿ ತಿರುಗಿ ಬಂದ. ಬಂದವನ ಮುಖದ ಮೇಲೆ ಗೊಂದಲ.

"ಏನು ಕಂಡಿ?"

"ಎಲ್ಲಾ ಕಂಡ್ವು ತಾತ. ಎಮ್ಮಿ ಹೊಡ್ಕೊಂಡು ಬರೋ ಮುದುಕಿ, ಬಸ್ಸು, ಆ ಕಡಿ ದಂಡಿ ಗುಡಿ ಸೈತ ಕಾಣ್ತು."

"ಮೊಣಕೈ?"

"ಇಲ್ರಿ. ಅದೇ ತಿಳಿವಲ್ದು."

"ಅವತ್ತಿಗೂ ಇವತ್ತಿಗೂ ಏನು ಫರಕು?"

ಮೌನೇಶ ಹಿಂದೆಮುಂದೆ ನೋಡದೆ ಅಂದುಬಿಟ್ಟ: "ಅವತ್ತು ಹಿಂದ ನೀವು ಇದ್ರಿ!"

ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡ. ಜೀಪಿನ ಹತ್ತಿರ ಅಮರಯ್ಯ ಬಕೆಟ್ಟು ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡ.

"ಕೇಳಿದ್ರ್ಯಾ ತಾತ? ತಪ್ಪು ನಿಮ್ದಂತ! ಬರ್ರಿ, ಜೀಪು ಹತ್ರಿ."

"ತಪ್ಪಾತ್ರಿ ತಾತ, ಹಂಗಲ್ರಿ..." ಮೌನೇಶನಿಗೆ ಅಳುವೇ ಬಂತು.

"ಸುಮ್ನಿರೋ. ಖರೆ ಹೇಳಿದಿ, ಅದಕ್ಯಾಕ ಅಳ್ತಿ?" ಅಂದರು ತಾತ. ಪಂಚೆ ಎತ್ತಿ ಕಟ್ಟಿದರು, ಬಂದು ಬೈಕಿನ ಹಿಂದೆ ಕೂತರು. "ಈಗ ನೀನೂ ಹತ್ತು. ನಾ ಹಿಂದ ಇದ್ದಾಗ ಹೆಂಗ ಕುಂದ್ರತೀಯೋ, ಹಂಗಾ ಕುಂದ್ರು."

ಮೌನೇಶ ಮೊದಲು ತಾತನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಗಾಡಿ ಹತ್ತಿದ. ಹತ್ತಿದವನು ಎಂದಿನಂತೆ ಮುಂದಕ್ಕೆ ಸರಿದ, ಇನ್ನೂ ಸರಿದ, ಪೂರಾ ಟ್ಯಾಂಕಿನ ಮೇಲೆಯೇ ಹೋಗಿ ಕೂತ. ಹ್ಯಾಂಡಲ್ಲು ಹೊಟ್ಟೆಗೆ ತಾಗುವಂತಾಯಿತು. ಎರಡೂ ಮೊಣಕೈಗಳು ಜಗಳಕ್ಕೆ ನಿಂತವನ ಹಾಗೆ ಹೊರಗೆ ಚಾಚಿಕೊಂಡವು.

"ಕನ್ನಡ್ಯಾಗ ಏನೈತಿ?"

"ಮೊಣಕೈ ರೀ! ನೋಡ್ರಿ, ನಾ ಹೇಳಿಲ್ಲೇನ್ರಿ? ಕನ್ನಡೀದೇ ತಪ್ಪು!"

ತಾತ ತಮ್ಮ ಮುಂದಿನ ಖಾಲಿ ಸೀಟಿನ ಮೇಲೆ ಅಂಗೈಯಿಂದ ತಟ್ಟಿದರು.

"ಇಲ್ಲಿ ಯಾರು ಕುಂದ್ರೋರು?"

"ಯಾರೂ ಇಲ್ರಿ."

"ಮತ್ತ ಯಾರಿಗಂತ ಜಾಗ ಬಿಟ್ಟಿ?"

ಮೌನೇಶನ ದನಿ ಇಳಿಯಿತು. "ತಾತ, ಗುರುವಿಗೆ ಬೆನ್ನು ತೋರಸಬಾರ್ದಂತ ಸಣ್ಣಾಂವ ಇದ್ದಾಗಿಂದ ಕಲತೀನಿ. ನಿಮ್ಮ ಕೋಣಿಯಿಂದ ಹೊರಗ ಬರಬೇಕಾದ್ರೂ ಹಿಂದ್ಹಿಂದ ಹೆಜ್ಜಿ ಇಡ್ತೀನಿ. ಗಾಡಿ ಮ್ಯಾಲ ಬೆನ್ನು ತೋರಸೋದು ತಪ್ಪಂಗಿಲ್ಲ, ಏನು ಮಾಡ್ಲಿ? ಮುಟ್ಟಿಸೋದಾದ್ರೂ ತಪ್ಪಲಿ ಅಂತ ಮುಂದ ಸರದು ಕುಂದ್ರತೀನ್ರಿ."

"ಆಶ್ರಮ ಸೇರಿದಾಗಿಂದ ಹಿಂಗಾ ಹೊಡದೀಯೇನು?"

"ಹೌದ್ರಿ."

"ಸೊಂಟ ನೋಯಂಗಿಲ್ಲ?"

"ನೋಯತೈತ್ರಿ. ಸೇವಾ ಅಂದ್ರ ನೋಯದಾ ಇರ್ತೈತೇನ್ರಿ?" ಹೇಳುವಾಗ ಅವನ ದನಿಯಲ್ಲಿ ಚೂರು ಹೆಮ್ಮೆಯೂ ಇತ್ತು.

ತಾತನಿಗೆ ನಗು ತಡೆಯಲಾಗಲಿಲ್ಲ. ಗಡ್ಡ ಕುಣಿಯುವ ಹಾಗೆ ನಕ್ಕರು. ಆಮೇಲೆ ಅವನ ಎರಡೂ ಭುಜ ಹಿಡಿದರು.

"ಹಿಂದ ಬಾ."

"ಬ್ಯಾಡ್ರಿ ತಾತ."

"ಬಾ ಅಂದ್ನಲ್ಲ!"

ಮೌನೇಶ ಒಂದು ಗೇಣು ಹಿಂದೆ ಸರಿದ. "ಇನ್ನಾ" ಅಂದರು ತಾತ. ಇನ್ನೊಂದು ಚೂರು ಸರಿದ. "ಇನ್ನಾ." ಅವನ ಬೆನ್ನು ತಾತನ ಎದೆಗೆ ತಾಗಿತು. ತಾತನ ಕೊರಳ ರುದ್ರಾಕ್ಷಿ ಅಂಗಿಯ ಮೇಲಿಂದಲೇ ಒತ್ತಿತು. ಅವರ ಉಸಿರು ಕಿವಿಯ ಹಿಂದೆ ಬೆಚ್ಚಗೆ ಬಂತು. ಮೌನೇಶನಿಗೆ ನಾಚಿಕೆ, ಭಯ, ಅದರ ಒಳಗೆಲ್ಲೋ ತಾಯಿಯ ಮಡಿಲಲ್ಲಿ ಕೂತಂಥ ಸುಖ.

ಕೈಗಳು ತಾವಾಗಿಯೇ ನೀಳವಾದವು. ಮೊಣಕೈಗಳು ಕೆಳಗಿಳಿದವು.

"ಈಗ ನೋಡು."

ಹಳೆಯ ಕನ್ನಡಿಯಲ್ಲಿ ಆಶ್ರಮದ ಬಾಗಿಲು ಕಂಡಿತು. ಅದರಾಚೆ ದಾರಿ ಕಂಡಿತು. ಬಾಯಿ ತೆರೆದುಕೊಂಡು ನಿಂತ ಅಮರಯ್ಯ, ಅವನ ಜೀಪು, ಬಕೆಟ್ಟು ಎಲ್ಲವೂ ಕಂಡವು.

ಮೌನೇಶ ಬಹಳ ಹೊತ್ತು ಮಾತಾಡಲಿಲ್ಲ. ಅಪರೂಪಕ್ಕೆ ಅವನ ಹೆಸರು ಸಾರ್ಥಕವಾಯಿತು.

ಆಮೇಲೆ ಗಾಡಿಯಿಂದ ಇಳಿದು ಹೊಸ ಕನ್ನಡಿಗಳನ್ನೂ ಪಾನಾವನ್ನೂ ಚೀಲಕ್ಕೆ ಹಾಕಿ ಅಮರಯ್ಯನ ಕೈಗೆ ಕೊಟ್ಟ. "ಅಣ್ಣ, ಇವು ಒಳಗಿಡು. ನಾಳೆ ಕೊಟ್ಟೋರಿಗೇ ವಾಪಸ್ ಕೊಟ್ಟು ಬರ್ತೀನಿ."

"ಹಾಕಂಗಿಲ್ಲೇನು? ಇಷ್ಟು ಚಂದ ಅದಾವ" ಅಂತ ಹಿಂದಿನಿಂದ ತಾತ ಕೆಣಕಿದರು.

"ಇಲ್ರಿ ತಾತ. ಬ್ಯಾಡ. ನಾನಾ ಹೇಳ್ತೀನಿ, ಬ್ಯಾಡ." ಈ ಸಲ ದನಿ ಗಟ್ಟಿಯಾಗಿತ್ತು. "ಅಣ್ಣ, ತಾತ ನನ್ನ ಗಾಡಿ ಮ್ಯಾಲೇ ಬರ್ತಾರ. ಅಂಜಿಕಿ ಇದ್ರ ನೀನು ಜೀಪು ತಗೊಂಡು ಹಿಂದ ಬಾ. ಎಷ್ಟು ದೂರ ಇದ್ರೂ ಕಾಣ್ತಿ!"

ಅಮರಯ್ಯ ಗೊಣಗಿದ. ಗೊಣಗುತ್ತಲೇ ಜೀಪು ಹತ್ತಿದ.

ಬೈಕು ನದಿಯ ದಾರಿ ಹಿಡಿಯಿತು. ಅರ್ಧ ದಾರಿಯಲ್ಲಿ ಕನ್ನಡಿಯೊಳಗೆ ಒಂದು ಕೆಂಪು ಚುಕ್ಕೆ ಹುಟ್ಟಿತು. ಚುಕ್ಕೆ ಬೆಳೆದು ಲಾರಿಯಾಯಿತು. ಮೌನೇಶ ಅದನ್ನು ದೂರದಿಂದಲೇ ಕಂಡಿದ್ದ. ವೇಗ ಇಳಿಸಿದ, ಹ್ಯಾಂಡಲ್ ನೆಟ್ಟಗೆ ಹಿಡಿದು ಎಡಕ್ಕೆ ಸರಿದು ದಾರಿ ಬಿಟ್ಟ. ಲಾರಿ ಪಕ್ಕದಲ್ಲೇ ಅದೇ ಕೆಟ್ಟ ಹಾರ್ನ್ ಹೊಡೆದು ಹೋಯಿತು. ಅವನು ಬೆಚ್ಚಲಿಲ್ಲ. "ಹೋಗಪ್ಪಾ, ಹೋಗು" ಅಂತ ನಕ್ಕ.

ಸ್ವಲ್ಪ ಮುಂದೆ ಹೋದಮೇಲೆ ಅವನ ಬಾಯಿ ಮತ್ತೆ ತೆರೆಯಿತು.

"ತಾತ, ಒಂದು ಮಾತು ಕೇಳಲೇನ್ರಿ? ಕನ್ನಡಿ ಸರಿ ಹೋತು, ಖರೆ. ಆದ್ರ ಹಿಂಗ ಬೆನ್ನು ಹಚ್ಚಿ ಕುಂತ್ರ ನನಗ ಪಾಪ ಬರಂಗಿಲ್ಲೇನ್ರಿ? ಗುರು ಅಂದ ಮ್ಯಾಲ ಒಂದಿಷ್ಟು ದೂರ ಇರಬೇಕಲ್ರಿ?"

ಬೈಕು ಹೋಗುತ್ತಲೇ ಇತ್ತು. ತಿರುವು ದಾಟಿದ ಮೇಲೆ ತಾತ ಅವನ ಭುಜ ತಟ್ಟಿದರು.

"ಇಲ್ಲಿ ನಿಲ್ಸು."

ಮೌನೇಶ ನಿಲ್ಲಿಸಿದ. ಹೋದ ಅಮಾವಾಸ್ಯೆಯಂದು ತಾತ ಬಿದ್ದ ಜಾಗ ಅದು. ದಾರಿ ಬದಿಯ ಉಸುಕು ಬಿಸಿಲಿಗೆ ಮಿನುಗುತ್ತಿತ್ತು. ತಾತ ಅದನ್ನು ನೋಡಿದರು. ಆಮೇಲೆ ಗಾಯದ ಕಲೆ ಇನ್ನೂ ಉಳಿದಿದ್ದ ಅಂಗೈಯನ್ನು ಮೌನೇಶನ ಭುಜದ ಮೇಲಿಂದ ಮುಂದೆ ಚಾಚಿ ಅವನಿಗೆ ತೋರಿಸಿದರು.

"ಅವತ್ತು ಬೀಳೋ ಮುಂದ ನಿನ್ನ ಹಿಡಕೊಳ್ಳಾಕಂತ ಈ ಕೈ ಚಾಚಿದ್ನೋ ಮೌನೇಶ. ನೀ ಎಟುಕಲಿಲ್ಲ."